ನನ್ನ ಮೈದುನ ಮತ್ತು ಹೆಣ್ಣು ನೋಡುವ ಶಾಸ್ತ್ರ

ನನ್ನ ಮೈದುನನಿಗೆ ಹೆಣ್ಣು ಸಿಗದೆ ಇದ್ದದ್ದಕ್ಕೆ ಕಾರಣ ಜಾತಕವಲ್ಲ, ರೂಪವಲ್ಲ, ಸಂಬಳವೂ ಅಲ್ಲ, ಅವನ ಗಂಟಲು! ನಂಬದಿದ್ದರೆ ಆ ಕಾಲದಲ್ಲಿ ಭದ್ರಾವತಿಯ ಓಲ್ಡ್ ಟೌನಿನಲ್ಲಿ ನಮ್ಮ ಅಕ್ಕಪಕ್ಕ ಇದ್ದವರನ್ನು ಕೇಳಿ.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಊರೆಲ್ಲ ರೇಡಿಯೋದಲ್ಲಿ ಚಿತ್ರಗೀತೆ ಕೇಳುತ್ತಿದ್ದರೆ, ಇವನು ಮುಳ್ಳು ತಿರುಗಿಸಿ ತಿರುಗಿಸಿ ಸಮುದ್ರದಾಚೆಯಿಂದ ರಾಕ್ ಸಂಗೀತ ಹಿಡಿಯುತ್ತಿದ್ದ. ವರ್ಗವಾಗಿ ಹೊರಟಿದ್ದ ಯಾರೋ ಇಂಜಿನಿಯರ್ ಹತ್ತಿರ ಹಳೆಯ ಗಿಟಾರನ್ನೂ ಗಿಟ್ಟಿಸಿಕೊಂಡ. ಮೊದಲ ದಿನ ಅವನು ಹಾಡಿದಾಗ ನಮ್ಮತ್ತೆ ವಿಭೂತಿ ಗಟ್ಟಿ ಹಿಡಿದು ಓಡಿ ಬಂದರು.

“ಹೊಟ್ಟೆನೋವೇನೋ ಮಾರಾಯ?”

“ಅಮ್ಮ, ಇದು ಪ್ರೇಮಗೀತೆ!”

ಆದರೂ ಅತ್ತೆ ಅವನ ಹಣೆಗೆ ವಿಭೂತಿ ಬಳಿದೇ ಹೋದರು.

ಆಮೇಲೆ ಶುರುವಾಯಿತು ಪಾಠ ಹೇಳುವ ಹುಚ್ಚು. ನಾನು ಅಕ್ಕಿ ಆರಿಸಲು ಕೂತರೆ ಸಾಕು, ಎದುರಿಗೆ ಹಾಜರು. ಇದು ಪ್ರೀತಿಯ ಹಾಡು, ಇದು ಯುದ್ಧ ಬೇಡ ಅನ್ನುವ ಹಾಡು, ಇದು ಮೈಬಣ್ಣ ನೋಡಿ ಮನುಷ್ಯರನ್ನು ಬೇರೆ ಕೂರಿಸಬೇಡಿ ಅನ್ನುವ ಹಾಡು!

“ಎಲ್ಲಾದಕ್ಕೂ ಒಂದೇ ಥರ ಕಿರುಚ್ತಾರಲ್ಲೋ?” ಅಂದೆ.

“ಪ್ರೀತಿ ಉಕ್ಕಿದ್ರೂ ಅನ್ಯಾಯ ಕಂಡ್ರೂ ಸುಮ್ನಿರೋಕೆ ಆಗಲ್ಲ ಅತ್ತಿಗೆ. ರಾಕ್ ಅಂದ್ರೆ ಅಷ್ಟೇ.”

ಅವತ್ತು ಅನ್ನದಲ್ಲಿ ಕಲ್ಲು ಸಿಕ್ಕಿತು. ಬೈಸಿಕೊಂಡವಳು ನಾನು!

ಅವನು ಲೇತ್ ನಡೆಸುತ್ತಿದ್ದ ವರ್ಕ್‌ಶಾಪಿನಲ್ಲಿ ಕೊಡುತ್ತಿದ್ದ ಚಹಾವೋ, ಬರೀ ಬಣ್ಣದ ನೀರು. ಇವನು ಅದರ ಮೇಲೊಂದು ಹಾಡು ಕಟ್ಟಿ, ಊಟದ ಬಿಡುವಿನಲ್ಲಿ ಗಿಟಾರ್ ಬಾರಿಸಿದ. ತಮಿಳಿನವರು, ತೆಲುಗಿನವರು ಎಲ್ಲರೂ ಸ್ಪ್ಯಾನರ್ ಹಿಡಿದು ತಾಳ ಹಾಕಿದರಂತೆ. ಮೂರನೆಯ ದಿನ ಮಾಲೀಕರಾದ ಸಾಹೇಬರೇ ಕೈಮುಗಿದರು.

“ಅರೆ ಭಾಯ್, ನಾಳೆಯಿಂದ ಗಟ್ಟಿ ಹಾಲಿನ ಚಾ ಕೊಡಿಸ್ತೀನಿ. ಖುದಾ ಕೆ ವಾಸ್ತೆ, ಹಾಡು ನಿಲ್ಸು!”

ಹೋರಾಟ ಗೆದ್ದಿತು ಎಂದು ಇವನು ಒಂದು ವಾರ ಬೀಗಿದ.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಹೆಣ್ಣು ನೋಡಲು ಹೋದಲ್ಲಿಯೂ ಇದೇ ಕಥೆಯೇ? ಉಪ್ಪಿಟ್ಟು, ಕೇಸರಿಬಾತು ಕೈಗೆ ಬಂದ ಮೇಲೆ “ಹುಡುಗಿ ಒಂದು ಹಾಡು ಹೇಳ್ಲಿ” ಅನ್ನುವುದು ಪದ್ಧತಿ. ಇವನು ಎದ್ದು ನಿಂತು “ಮೊದಲು ನಾನು ಹಾಡ್ತೀನಿ” ಅನ್ನುತ್ತಿದ್ದ! ಎರಡು ಮನೆಯವರು ಹಾಡು ಮುಗಿಯುವ ಮುಂಚೆಯೇ ಜಾತಕ ವಾಪಸು ಕೊಟ್ಟರು.

ಮೂರನೆಯವಳು ಶಿವಮೊಗ್ಗದ ಗಾಂಧಿ ಬಜಾರಿನ ಜವಳಿ ವ್ಯಾಪಾರಿಯ ಮಗಳು. ಅವಳ ಫೋಟೋವನ್ನು ಇವನು ಒಂದು ವಾರದಿಂದ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. “ಇದೂ ತಪ್ಪಿದ್ರೆ ನಾನಿನ್ನು ಯಾರ ಮನೆ ಬಾಗಿಲಿಗೂ ಬರಲ್ಲ” ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ನಾನು ಗಿಟಾರನ್ನು ಸೌದೆ ಕೋಣೆಯಲ್ಲಿ ಬಚ್ಚಿಟ್ಟೆ.

“ಇವತ್ತೊಂದಿನ ಬಾಯಿ ಮುಚ್ಕೊಂಡಿರು ಮಾರಾಯ. ನಿಂಗೂ ಅವಳು ಬೇಕು ತಾನೆ?”

“ತುಂಬಾ ಬೇಕು ಅತ್ತಿಗೆ,” ಅಂದ. ಧ್ವನಿ ಸಣ್ಣಗಾಗಿತ್ತು.

ಏನು ಬಂತು ಪ್ರಯೋಜನ? ಹುಡುಗಿ ಬಂದು ಚಾಪೆಯ ಮೇಲೆ ಕೂತಳು. ಅತ್ತೆ “ಒಂದು ಹಾಡು ಹೇಳಮ್ಮ” ಅಂದದ್ದೇ ತಡ, ನನ್ನ ಮೈದುನ ಖಾಲಿ ತಟ್ಟೆ ಬೋರಲು ಹಾಕಿ, ಚಮಚದಿಂದ ಢಣಢಣ ಬಾರಿಸುತ್ತ ಹಾಡತೊಡಗಿದ! ಹುಡುಗಿಯ ಅಪ್ಪ ಗೋಡೆಗೆ ಒರಗಿಕೊಂಡರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಹಾಡು ಮುಗಿದಾಗ ಹುಡುಗಿ ತಲೆಯೆತ್ತಿ ಅವನನ್ನೇ ನೋಡಿದಳು.

“ತಾಳ ಎರಡು ಕಡೆ ತಪ್ಪಿತು.”

“ಹೌದು. ಭಯ ಆಗಿತ್ತು.”

“ನಾನು ಇವತ್ತು ಹಾಡಲ್ಲ. ಇಷ್ಟ ಇಲ್ಲ.”

“ಬೇಡ ಬಿಡಿ.”

ಅವಳು ಅಪ್ಪನ ಕಡೆ ತಿರುಗಿದಳು. “ನಂಗೆ ಒಪ್ಪಿಗೆ ಅಪ್ಪ.”

ಭದ್ರಾವತಿಗೆ ವಾಪಸು ಬರುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಅಷ್ಟು ಇಷ್ಟಪಟ್ಟ ಹುಡುಗಿ ಕೈತಪ್ಪಿದ್ರೆ ಏನು ಮಾಡ್ತಿದ್ದೆಯೋ? ಯಾಕಪ್ಪಾ ನಿಂಗೆ ಈ ಹಠ?”

ಅವನು ಕಿಟಕಿಯಾಚೆ ನೋಡುತ್ತ ಹೇಳಿದ. “ನಿಮ್ಮನ್ನ ನೋಡೋಕೆ ಬಂದಾಗ ನಾನೂ ಬಂದಿದ್ದೆ ಅತ್ತಿಗೆ. ನಂಗಾಗ ಹನ್ನೆರಡು ವರ್ಷ. ಹಾಡೋವಾಗ ಸೆರಗಿನ ತುದಿ ಹಿಂಡ್ತಾ ಇದ್ರಿ, ಕಣ್ಣಲ್ಲಿ ನೀರಿತ್ತು. ನಮ್ಮೋರು ‘ಇನ್ನೊಂದು ಹೇಳಮ್ಮ’ ಅಂತ ಕೇಸರಿಬಾತು ತಿಂತಾ ಇದ್ರು. ನಾನೂ ತಿಂದೆ.”

ಬಸ್ಸಿನ ತುಂಬ ಜನ. ಆದರೂ ನನಗೆ ಅಳು ಬಂದುಬಿಟ್ಟಿತು. ಆ ದಿನ ನಾನು ಹೆದರಿದ್ದೆ ಅಂತ ಇಷ್ಟು ವರ್ಷ ಒಬ್ಬನಿಗಾದರೂ ಗೊತ್ತಿತ್ತಲ್ಲ.