ಫೋಟೋಗೆ ಒಪ್ಪಿಗೆಯಾದ ಹೆಣ್ಣು

ಐವತ್ತೆರಡನೆಯ ವಯಸ್ಸಿನಲ್ಲಿ ನಾನೊಂದು ಐತಿಹಾಸಿಕ ನಿರ್ಧಾರ ಕೈಗೊಂಡೆ: ಇನ್ನು ಮುಂದೆ ಒಬ್ಬನೇ ಕೂತು ಊಟ ಮಾಡುವುದಿಲ್ಲ. ಸ್ಟುಡಿಯೋ ಇಟ್ಟುಕೊಂಡು, ಫೋಟೋ ತೆಗೆದು ತೆಗೆದೇ ಊರಿನ ಅರ್ಧ ಮದುವೆಗಳನ್ನು ಕುದುರಿಸಿದ ಮಹಾನುಭಾವ ನಾನು. ನನಗೊಂದು ಜೊತೆ ಹುಡುಕಿಕೊಳ್ಳುವುದು ಯಾವ ಬ್ರಹ್ಮವಿದ್ಯೆ?

ಅಕ್ಕ ಫೋನ್ ಮಾಡಿದಳು. "ಒಬ್ಬರು ನರ್ಸ್ ಇದ್ದಾರೆ ಕಣೋ. ಗಂಡ ತೀರಿಕೊಂಡಿದ್ದಾರೆ. ಒಳ್ಳೆಯವರು. ಒಂದು ಫೋಟೋ ಕಳಿಸು."

ನನ್ನದೊಂದು ಫೋಟೋ ತೆರೆದುಕೊಂಡು ಕಂಪ್ಯೂಟರಿನ ಮುಂದೆ ಕೂತೆ. ಕಣ್ಣ ಕೆಳಗಿನ ಕಪ್ಪು ತೊಳೆದೆ. ಹಣೆಯ ಗೆರೆ ಅಳಿಸಿದರೆ ಜೋತುಬಿದ್ದ ಕೆನ್ನೆ ಎದ್ದು ಕಂಡಿತು. ಕೆನ್ನೆ ಎತ್ತಿ ಕಟ್ಟಿದರೆ ಬೊಕ್ಕತಲೆ ಮುನಿಸಿಕೊಂಡಿತು. ಯಾವನೋ ಗಿರಾಕಿಯ ತಲೆಯಿಂದ ಕೂದಲು ಕಡ ತಂದು ನೆಟ್ಟೆ. ಕೊನೆಗೆ ಪರದೆಯ ಮೇಲಿದ್ದವನಿಗೆ ಹೆಣ್ಣು ಕೊಡಬೇಕೆಂದು ನನಗೇ ಅನ್ನಿಸಿತು.

"ಯಾರದೋ ಫೋಟೋ ಬಂದಿದೆ," ಎಂದಳು ಅಕ್ಕ.

"ನಂದೇ."

"ಹಾಗಾದ್ರೆ ವಯಸ್ಸು ಎಷ್ಟಂತ ಹೇಳ್ಲಿ?"

"ಫೋಟೋಗೆ ಒಪ್ಪೋ ಹಾಗೆ ಹೇಳು."

ಭಾನುವಾರ ಆಸ್ಪತ್ರೆಯ ಎದುರಿನ ಕಾಫಿ ಅಂಗಡಿಯಲ್ಲಿ ಭೇಟಿ ನಿಗದಿಯಾಯಿತು. ಆಕೆ ಮುಖ ಇದ್ದ ಹಾಗೆಯೇ ಫೋಟೋ ತೆಗೆಸಿ ಕಳಿಸಿದ್ದರಿಂದ ಗುರುತು ತಕ್ಷಣ ಸಿಕ್ಕಿತು. ಎದುರು ನಿಂತು ನಕ್ಕೆ. ಆಕೆ ನನ್ನನ್ನು ನೋಡಿದರು, ನನ್ನ ಬೆನ್ನ ಹಿಂದಿನ ಬಾಗಿಲನ್ನು ನೋಡಿದರು, ಗೌರವದಿಂದ ಎದ್ದು ನಿಂತರು.

"ಬನ್ನಿ, ಕೂತ್ಕೊಳ್ಳಿ. ಮೂಗು ನೋಡಿದ್ರೇ ಗೊತ್ತಾಗುತ್ತೆ, ನೀವು ಅವರ ತಂದೆ ಅಲ್ವಾ?"

"ಹೌದಮ್ಮ," ಎಂದುಬಿಟ್ಟಿತು ನನ್ನ ಹಾಳು ನಾಲಿಗೆ. "ಅವನಿಗೆ ಸ್ವಲ್ಪ ಜ್ವರ."

ಸಕ್ಕರೆ ಕಾಯಿಲೆ ಇದೆಯೇ ಎಂದು ವಿಚಾರಿಸಿಕೊಂಡು ಆಕೆಯೇ ಕಾಫಿಗೆ ಸಕ್ಕರೆ ಹಾಕಿ ಕಲಕಿಕೊಟ್ಟರು. ಮಾತು ಎಲ್ಲೆಲ್ಲಿಗೋ ಹರಿಯಿತು. ನನ್ನ ಹಳಸಲು ಜೋಕುಗಳಿಗೆಲ್ಲ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಿಜ ಹೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಆಕೆಯೇ ಶುರುಮಾಡಿದರು.

"ಬೇಜಾರು ಮಾಡ್ಕೋಬೇಡಿ. ಜ್ವರ ಅನ್ನೋದು ಸುಳ್ಳು ಅಂತ ನರ್ಸ್‌ಗೆ ಗೊತ್ತಾಗಲ್ವಾ? ಸುಳ್ಳು ಹೇಳೋರ ಜೊತೆ ಬಾಳೋ ಶಕ್ತಿ ನನಗಿಲ್ಲ. ಈ ಸಂಬಂಧ ಬೇಡ."

"ಅವನು ಕೆಟ್ಟವನಲ್ಲಮ್ಮ. ಹೆದರಿಕೊಂಡ, ಅಷ್ಟೆ."

"ಯಾತಕ್ಕೆ ಹೆದರ್ಬೇಕು ಹೇಳಿ? ನಿಮ್ಮ ಹಾಗೆ ಎದುರಿಗೆ ಕೂತು ನಾಲ್ಕು ಮಾತಾಡಿದ್ರೆ ಸಾಕಿತ್ತು. ನಾನು ಒಪ್ಕೋತಿದ್ದೆ."

ಲೋಟದ ತಳದಲ್ಲಿ ಉಳಿದಿದ್ದ ಕಾಫಿ ಆರಿಹೋಗಿತ್ತು. ಅದನ್ನೇ ಕುಡಿದೆ.

ಹೊರಗೆ ವಾಹನಗಳ ಭರಾಟೆ. "ಜೋಪಾನ," ಎಂದು ಆಕೆ ನನ್ನ ಕೈ ಹಿಡಿದು ರಸ್ತೆ ದಾಟಿಸಿದರು. ರಸ್ತೆ ಬೇಗ ಮುಗಿದುಬಿಟ್ಟೀತೆಂದು, ನಾನು ಎಂಬತ್ತರ ಮುದುಕನ ಹಾಗೆ ಮೆಲ್ಲಗೆ, ಬಲು ಮೆಲ್ಲಗೆ ಹೆಜ್ಜೆ ಹಾಕಿದೆ.