ಹೊಸಾ ಜ್ವಾಳ ಉಂಡವ್ರ ಪಟ್ಟಿ

ರಕ್ತಾ ತಗೊಳ್ಳೋ ಕೆಲಸದಾಗ ನಗೂದೇನೈತಿ ಅಂತ ಮಂದಿ ನನ್ನ ಕೇಳ್ತಾರ. ಒಂದ ದಿನ ನನ್ನ ಸ್ಕೂಟಿ ಹಿಂದ ಕುಂತು ಬರ್ರಿ ಅಂತೀನಿ ನಾ. ಮುಂಜಾನಿ ಟಿಕೋಟಾದಾಗ ಒಂದು, ಮಧ್ಯಾಹ್ನ ಬಬಲೇಶ್ವರದಾಗ ಇನ್ನೊಂದು, ಹಿಂಗ ದಿನಾ ಏನರ ನಡದಽ ಇರತೈತಿ. ಐದು ತಿಂಗಳದಾಗ ನಾ ನಕ್ಕಿದ್ದು, ಲಗ್ನ ಆದಾಗಿಂದ ಒಟ್ಟು ನಕ್ಕಿದ್ದಕ್ಕಿಂತ ಹೆಚ್ಚೈತಿ. ನಮ್ಮನಿಯವ್ರಿಗೆ ಇದನ್ನ ಹೇಳಬ್ಯಾಡ್ರಿ ಮತ್ತ.

ಮೊದಲ ಕೆಲಸ ಏನಂತ ಹೇಳ್ತೀನಿ. ನಮ್ಮ ವಿಜಯಪುರದಾಗ ಒಬ್ರು ತಳಿ ವಿಜ್ಞಾನಿ ಅದಾರ. ಭಾಳ ವರ್ಷ ದುಡದು ಒಂದು ಹೊಸಾ ಬಿಳಿಜ್ವಾಳದ ತಳಿ ಮಾಡ್ಯಾರ. ಅದರಾಗ ಒಂದು ಜೀನ್ ಬ್ಯಾರೆ ಐತಿ, ಅದಕ್ಕ ಅದರ ರೊಟ್ಟಿ ಹೊಟ್ಯಾಗ ನಿಧಾನ ಕರಗತೈತಿ, ರಕ್ತದಾಗ ಸಕ್ರಿ ಒಮ್ಮೆಲೇ ಏರಂಗಿಲ್ಲ ಅಂತ ಅವ್ರ ಲೆಕ್ಕ. ಖರೇ ಹೌದೋ ಅಲ್ಲೋ ನೋಡಾಕ ಒಬ್ರು ದೊಡ್ಡ ಡಾಕ್ಟರು ಮುಂದ ಬಂದ್ರು. ಸಕ್ರಿ ಬ್ಯಾನಿ ಇದ್ದವ್ರಿಗೆ ಹದಿನೈದು ದಿನಕ್ಕೊಂದು ಚೀಲ ಜ್ವಾಳ. ಅರ್ಧ ಮಂದಿಗೆ ಹೊಸಾದು, ಅರ್ಧ ಮಂದಿಗೆ ದಿನಾ ಉಣ್ಣೂದು. ಒಂದಕ್ಕ ಕೆಂಪ ದಾರ ಕಟ್ಟಿರ್ತಾರ, ಇನ್ನೊಂದಕ್ಕ ಹಸರ ದಾರ. ಯಾವ ದಾರದಾಗ ಯಾವ ಜ್ವಾಳ ಅಂತ ಉಣ್ಣಾವ್ರಿಗೂ ಗೊತ್ತಿಲ್ಲ, ಹಂಚೋ ನನಗೂ ಗೊತ್ತಿಲ್ಲ. ಚೀಲಾ ಹಂಚೂದು, ಬೆರಳು ಚುಚ್ಚೂದು, ಪಟ್ಟ್ಯಾಗ ಬರಕೊಳ್ಳೂದು ನನ್ನ ಕೆಲಸ.

ಲ್ಯಾಬ್ ಕೆಲಸ ಕಲ್ತು, ಲಗ್ನಾಗಿ ಹದಿನಾಲ್ಕು ವರ್ಷ ಮನ್ಯಾಗ ಕುಂತಾಕಿ ನಾ. ಈ ಕೆಲಸ ಸಿಕ್ಕ ದಿನ ನಮ್ಮತ್ತಿ ದುವಾ ಓದಿ ನನಗ ಊದಿದ್ರು, ಸ್ಕೂಟಿಗೂ ಊದಿದ್ರು. ಡಾಕ್ಟರು ಮಾತ್ರ ಮೊದಲಽ ಹೇಳಿಬಿಟ್ಟಿದ್ರು: "ಐದು ತಿಂಗಳಾದ ಮ್ಯಾಲ ನಾವಽ ಬಂದು ನೋಡ್ತೀವಿ. ಪಟ್ಟಿ ಸ್ವಚ್ಛ ಇತ್ತಂದ್ರ ಕೆಲಸ ಮುಂದ ನಡೀತೈತಿ. ಕಲಬೆರಕಿ ಆಗಿತ್ತಂದ್ರ ಎಲ್ಲಾ ಬಂದ್, ನಿಮ್ಮ ಕೆಲಸಾನೂ ಬಂದ್." ಅವತ್ತಿಂದ ನನ್ನ ಜೀವ ಆ ಪಟ್ಟ್ಯಾಗಽ ಇತ್ತು.

ಮಾವನ ಕಡಿಯಿಂದ ಬಂದದ್ದು

ಮೊದಲನೇ ಸಭಾ ಬಬಲೇಶ್ವರದಾಗ. ತಳಿ ಸಾಹೇಬ್ರು ಪರದೆ ಮ್ಯಾಲ ಚಿತ್ರಾ ತೋರಿಸಿ, ಜೀನ್ ಅಂದ್ರ ಏನು, ತಂದಿ ತಾಯಿಯಿಂದ ಮಕ್ಕಳಿಗೆ ಹೆಂಗ ಬರತೈತಿ ಅಂತ ಚಂದಂಗಿ ತಿಳಿಸಿದ್ರು. ಮಂದಿ ನಾಚಿಕೊಳ್ಳಬಾರ್ದಂತ ಡಾಕ್ಟರು, "ಸಕ್ರಿ ನನಗೂ ಐತಿ, ನಮ್ಮಪ್ಪಗೂ ಇತ್ತು" ಅಂದ್ರು. ಆಮ್ಯಾಲ ನಾ ಫಾರ್ಮ್ ತುಂಬಾಕ ಕುಂತೆ.

ಜೈನಾಪುರದ ಒಬ್ಬ ಗೌಡರು ಹೆಂಡ್ತಿ ಜೋಡಿ ಬಂದಿದ್ರು. "ನಿಮ್ಮ ಮನೆತನದಾಗ ಯಾರಿಗರ ಸಕ್ರಿ ಇತ್ತೇನ್ರಿ?" ಅಂದೆ.

"ನಮ್ಮ ಕಡಿ ಏಳು ತಲಿ ನೋಡ್ರಿ, ಯಾರಿಗೂ ಇಲ್ಲ. ನನಗ ಬಂದದ್ದು ಇಕಿ ಅಪ್ಪನ ಕಡಿಯಿಂದ. ಮಾವ ಅಂತ ಬರಕೋರಿ."

ಬಾಜೂ ನಿಂತ ಡಾಕ್ಟರು ಕೇಳಿಸಿಕೊಂಡು, "ಗೌಡ್ರ, ಮಾವನ ಬ್ಯಾನಿ ಅಳಿಯಗ ಬರಂಗಿಲ್ರಿ. ಈಗಷ್ಟಽ ಹೇಳಿದ್ರಲ್ಲ, ರಕ್ತಸಂಬಂಧ ಬೇಕು" ಅಂದ್ರು.

"ಯಾಕ್ ಬರಂಗಿಲ್ರೀ?" ಅಂತ ಗೌಡ್ರು ಎದ್ದಽ ನಿಂತ್ರು. "ಇಪ್ಪತ್ತ ವರ್ಷ ಹಬ್ಬಕ್ಕೊಮ್ಮಿ ಕರದು, ಬ್ಯಾಡ ಬ್ಯಾಡಂದ್ರೂ ತುಪ್ಪಾ ಸುರುವಿ ಹೋಳಗಿ ತಿನಿಸ್ಯಾರ. ರಕ್ತಸಂಬಂಧ ಇದ್ದ ನಮ್ಮಪ್ಪ ಒಂದ ದಿನಾನೂ ತಿನಿಸಿಲ್ಲ!"

ಹೆಂಡ್ತಿ ಸುಮ್ನ ಬಿಟ್ಟಾಳೇನು? "ಬರಕೋರಿ ಅಕ್ಕಾರ, ನಮ್ಮಪ್ಪನ ಹೆಸರು ಬರಕೋರಿ. ಅಂವ ಏನರ ಕೊಟ್ಟಾನಂತ ಇವತ್ತರ ಒಪ್ಪಿದ್ರಲ್ಲ!" ಅಂದ್ಳು.

ಮಾಲು ನೋಡೂದು

ಟಿಕೋಟಾದಾಗ ಒಬ್ರು ಒಣದ್ರಾಕ್ಷಿ ವ್ಯಾಪಾರಸ್ಥರು. ವಯಸ್ಸಾದ ಮನುಷ್ಯಾ, ಭಾಳ ಮರ್ಯಾದಿ. ಮುಂಜಾನಿ ಖಾಲಿ ಹೊಟ್ಟೀಲೆ ರಕ್ತಾ ಕೊಡಬೇಕು ಅಂತ ಹೇಳಿದ್ದೆ. "ಖುದಾ ಕಸಮ್ ಬೇಟಿ, ರಾತ್ರಿ ಉಂಡದ್ದು, ಆಮ್ಯಾಲ ನೀರು ಬಿಟ್ಟು ಏನೂ ಇಲ್ಲ" ಅಂದ್ರು. ಚುಚ್ಚಿ ನೋಡಿದೆ, ಸಕ್ರಿ ಗಗನಕ್ಕ ಹೋಗಿತ್ತು. ಮುಂದಿನ ಸಲಾನೂ ಹಂಗಽ. ಮಿಷಿನ್ ಕೆಟ್ಟೈತೇನಂತ ನನ್ನ ಬೆರಳು ನಾನಽ ಚುಚ್ಚಿಕೊಂಡೆ. ಮಿಷಿನ್ ಛಲೋನಽ ಐತಿ.

ಮೂರನೇ ಸಲ ಹೊತ್ತು ಹುಟ್ಟೂದರೊಳಗ ಅವ್ರ ಅಂಗಡಿಗೇ ಹೋಗಿ ಕುಂತೆ. ರೈತರು ಒಬ್ಬೊಬ್ರಽ ಚೀಲಾ ತಂದು ಬಿಚ್ಚಾಕತ್ತಿದ್ರು. ಇವ್ರು ಒಂದೊಂದು ಚೀಲಕ್ಕ ಕೈ ಹಾಕೂದು, ನಾಕು ಒಣದ್ರಾಕ್ಷಿ ಬಾಯಾಗ ಹಾಕ್ಕೊಳ್ಳೂದು, ಕಣ್ಣು ಮುಚ್ಚೂದು, "ಹುಳಿ ಐತಿ" ಇಲ್ಲಾ "ಮಾಲು ಛಲೋ ಐತಿ" ಅನ್ನೂದು.

"ಚಾಚಾ! ಇದೇನ್ರಿ? ಖಾಲಿ ಹೊಟ್ಟಿ ಅಂದಿದ್ರಲ್ಲ!"

ಅವ್ರು ನನಗಿಂತ ಹೆಚ್ಚು ಬೆರಗಾದ್ರು. "ತಿಂದಿಲ್ಲ ಬೇಟಿ, ಮಾಲು ನೋಡೇನಿ."

"ನೋಡೂದಾದ್ರ ಉಗುಳಬೇಕಲ್ರಿ!"

"ತೋಬಾ ತೋಬಾ! ರೈತನ ಮುಂದ ಅವನ ಮಾಲು ಉಗುಳಾಕ ಆಗತೈತೇನು? ಅಂವ ಏನ್ ಅನ್ಕೋಬೇಕು?"

ಆ ದಿನದಿಂದ ಅವ್ರ ಹೆಸರಿನ ಮುಂದ ನಾ ಬರಕೊಂಡದ್ದು: ರಕ್ತಾ ಶುಕ್ರವಾರ ತಗೋಬೇಕು, ಅಂಗಡಿ ಬಂದ್ ಇರತೈತಿ.

ಕೆಂಪ ದಾರ, ಹಸರ ದಾರ

ಬಬಲೇಶ್ವರದಾಗ ಒಂದಽ ಗ್ವಾಡಿ ಹಚ್ಚಿ ಎರಡು ಮನಿ, ಎರಡರಾಗೂ ಸಕ್ರಿ ಬ್ಯಾನಿ ಇದ್ದ ಒಬ್ಬೊಬ್ಬ ಹೆಣ್ಣಮಗಳು. ಒಬ್ಬಾಕಿಗೆ ಕೆಂಪ ದಾರದ ಚೀಲ ಬಂತು, ಇನ್ನೊಬ್ಬಾಕಿಗೆ ಹಸರ ದಾರದ್ದು. ಮೊದಲನೇ ವಾರನಽ ಕೆಂಪ ದಾರದಾಕಿ ನನ್ನ ತಡದಳು. "ಯಾಕ ಬೇ, ನನ್ನ ಮಾರಿ ನೋಡಿ ಹಳೇದು ಕೊಟ್ಟಿಯೇನು? ಆಕಿ ರೊಟ್ಟಿ ಹೆಂಗ ಉಬ್ಬಾಕತ್ತಾವ ನೋಡು."

"ಯಾವುದು ಹೊಸಾದು ಅಂತ ನನಗೂ ಗೊತ್ತಿಲ್ಲ ಅಕ್ಕಾ, ಖರೇನಽ" ಅಂದೆ. ಆಕಿ ನಂಬಲಿಲ್ಲ. ಅಂಗಳ ದಾಟಿದ್ರ ಹಸರ ದಾರದಾಕಿನೂ ಅದನ್ನಽ ಅಂದ್ಳು. "ಆಕೀದು ಬೆಳ್ಳಗೈತಿ, ನಂದು ಕರ್ರಗೈತಿ. ಆಕೀಗೆ ನೀ ಏನಾಗಬೇಕು?"

ಎರಡು ತಿಂಗಳು ಹಿಂಗಽ ನಡೀತು. ಆಮ್ಯಾಲ ಇಬ್ರೂ ಒಮ್ಮೆಲೇ ಗಪ್ಪಾದ್ರು. ನನಗ ಖುಷಿ ಆತು. ಮತ್ತೊಂದ ಸಲ ಹೋದಾಗ ನೋಡ್ತೀನಿ, ಹಸರ ದಾರದಾಕಿ ಮನ್ಯಾಗ ಕೆಂಪ ದಾರ ಬಿದ್ದೈತಿ.

"ಅದಲಾಬದಲಿ ಮಾಡಿಕೊಂಡೀವಿ. ನಾವು ಜಗಳಾಡೂದು ಛಲೋ ಅಲ್ಲಂತ" ಅಂದ್ಳು. ಅಷ್ಟರಾಗ ಗ್ವಾಡಿ ಆಚಿಯಿಂದ ಇನ್ನೊಬ್ಬಾಕಿ ಕೂಗಿದ್ಳು: "ಅಕ್ಕಾರ, ಬಂದೀರೇನು? ಈ ಸಲ ಮತ್ತ ಬದಲಿ ಮಾಡ್ರಿ. ನನ್ನ ಮೊದಲಿನ ಚೀಲನಽ ಛಲೋ ಇತ್ತು, ಆಕಿ ಮೋಸಾ ಮಾಡ್ಯಾಳ!"

ಎರಡೂ ಹೆಸರು ಹೊಡದು ಹಾಕಿದೆ. ಹೊಡದು ಹಾಕಿದ್ದು ತಿಳಿದ ಮ್ಯಾಲ, ಇಬ್ರೂ ಕೂಡಿ ನನ್ನ ಜೋಡಿ ಮಾತು ಬಿಟ್ಟಾರ.

ಕಾಖಂಡಕಿ ಕಾಕಾ

ಹಿಂಗ ಒಂದೊಂದಽ ಹೆಸರು ಉದುರಿದ್ರೂ ನಾ ಧೈರ್ಯಾ ಬಿಟ್ಟಿದ್ದಿಲ್ಲ. ಯಾಕಂದ್ರ ನನಗ ಕಾಖಂಡಕಿ ಕಾಕಾ ಇದ್ರು.

ಬಂಗಾರದಂಥಾ ಮನುಷ್ಯಾ. ಶುಗರ್ ಬಂದಾಗಿಂದ ಹೊಲ ಮಗನ ಕೈಯಾಗ ಕೊಟ್ಟು ಕಟ್ಟಿ ಮ್ಯಾಲ ಕುಂತಿದ್ರಂತ. ಡಾಕ್ಟರು ನಾಕು ವರ್ಷದಿಂದ "ದಿನಾ ನಡೀರಿ" ಅಂತ ಬಡಕೊಂಡ್ರೂ ಕಟ್ಟಿ ಬಿಟ್ಟು ಇಳದಿದ್ದಿಲ್ಲ. ಆದ್ರ ನಮ್ಮ ಕೆಲಸದಾಗ ಅವ್ರಂಥಾವ್ರು ಇಲ್ಲ. ಖಾಲಿ ಹೊಟ್ಟಿ ಅಂದ್ರ ಖಾಲಿ ಹೊಟ್ಟಿ. ಹದಿನೈದು ದಿನಕ್ಕೊಮ್ಮೆ ಖಾಲಿ ಚೀಲ ಝಾಡಿಸಿ, ನಾಕು ಮಡಿಕಿ ಮಾಡಿ, ದಾರಾ ಸುತ್ತಿ ನನ್ನ ಕೈಯಾಗ ಇಡ್ತಿದ್ರು. ಸಕ್ರಿ ಅಂತೂ ಸಲಕ್ಕಿಂತ ಸಲ ಇಳಿಯಾಕತ್ತಿತ್ತು. ಹೊಟ್ಟಿ ಕರಗಿತ್ತು, ಮಾರಿ ಮ್ಯಾಲ ಕಳಾ ಬಂದಿತ್ತು. ಡಾಕ್ಟರು ವಿಜಯಪುರದಾಗ ಎಲ್ಲಾರ ಮುಂದ ಅವ್ರ ಕಾಗದ ಹಿಡದು ತೋರಿಸ್ತಿದ್ರು.

ಒಂದಽ ಒಂದು ಮಾತು ನನಗ ಆಗ ತಿಳೀಬೇಕಿತ್ತು. ಮೊದಲನೇ ಚೀಲ ಕೊಟ್ಟ ದಿನ ಕಾಕಾ ಒಂದು ಮುಷ್ಟಿ ಕಾಳು ಅಂಗೈ ಮ್ಯಾಲ ಹಾಕ್ಕೊಂಡು, ಬಿಸಲಿಗೆ ಹಿಡದು, "ತಂಗೀ, ಇದು ಮಳಿ ಎಷ್ಟ ಬೇಡತೈತಿ?" ಅಂತ ಕೇಳಿದ್ರು. ಉಣ್ಣೋ ಕಾಳಿಗೆ ಮಳಿ ಯಾಕ ಬೇಕು ಅಂತ ನನ್ನ ತಲಿಗೆ ಹೊಳೀಲೇ ಇಲ್ಲ.

ಎಳ್ಳಮವಾಸಿ ಮುಗದಿತ್ತು, ಡಾಕ್ಟರು ಹೇಳಿದ ಐದು ತಿಂಗಳೂ ತುಂಬಿದ್ವು. ಡಾಕ್ಟರು, ತಳಿ ಸಾಹೇಬ್ರು, ನಾನು, ಮೂವರೂ ಜೀಪಿನ್ಯಾಗ ಕಾಖಂಡಕಿಗೆ ಹೋದ್ವಿ. ಬಾಗಲದಾಗ ಕಾಕಾನ ಹೆಂಡ್ತಿ, ಕಾಕು, ನಿಂತಿದ್ರು. "ಅವ್ರು ಮನ್ಯಾಗೆಲ್ಲಿ ಇರ್ತಾರ್ರೀ ಈಗ? ಹೊಲದಾಗ ಹಕ್ಕಿ ಕಾಯಾಕತ್ತಾರ. ಮುಂಜಾನಿ ಎರಡು ಮೈಲು ನಡಕೋತ ಹೋಗೂದು, ಉಣ್ಣಾಕ ನಡಕೋತ ಬರೂದು, ಮತ್ತ ಹೋಗೂದು. ಮಗನ್ನ ಸೈತ ನಂಬಂಗಿಲ್ಲ."

"ನೋಡ್ರಿ! ಕಟ್ಟಿ ಬಿಟ್ಟು ಇಳೀಲಾರದ ಮನುಷ್ಯಾನ್ನ ಹೊಲಕ್ಕ ಕಳಿಸೈತಿ ನಿಮ್ಮ ರೊಟ್ಟಿ" ಅಂತ ಡಾಕ್ಟರು ತಳಿ ಸಾಹೇಬ್ರ ಬೆನ್ನು ತಟ್ಟಿದ್ರು.

ಹೊಲದ ಬದುವಿನ ಮ್ಯಾಲ ತಳಿ ಸಾಹೇಬ್ರು ನಿಂತಽಬಿಟ್ರು. ಒಂದು ತೆನಿ ಹಿಡದ್ರು, ಎಲಿ ತಿರುವಿ ನೋಡಿದ್ರು. ಮಾರಿ ಬಿಳಚಿತು. "ಸರ್, ಇದು ನನ್ನ ಜ್ವಾಳ. ಬಿತ್ತಾಕಂತ ಇದು ಇನ್ನೂ ನಮ್ಮ ಸಂಶೋಧನಾ ಕೇಂದ್ರದ ಕಂಪೌಂಡ್ ದಾಟಿಲ್ಲ. ಇಲ್ಲಿ ಹೆಂಗ ಬಂತು?"

ಕಾಕಾ ಹಕ್ಕಿ ಹೊಡಿಯೋ ಕವಣಿ ಹೆಗಲಿಗೆ ಹಾಕ್ಕೊಂಡು ಕಾವಲಿನ ಅಟ್ಟದಿಂದ ಇಳದು ಬಂದ್ರು.

"ಕಾಕಾ, ಈ ಜ್ವಾಳ ಎಲ್ಲಿಂದ ಬಂತ್ರಿ?"

"ನೀನಽ ಕೊಟ್ಟೀಯಲ್ಲ ತಂಗಿ."

"ಉಣ್ಣಾಕ ಕೊಟ್ಟಿದ್ದೆ ಕಾಕಾ!"

"ಅಂಥಾ ಕಾಳು ಉಣ್ಣಾಕ ಮನಸರ ಹೆಂಗ ಬರತೈತಿ? ಮುತ್ತಿನಂಥಾ ಕಾಳು, ಒಂದಕ್ಕೂ ಹುಳ ಹತ್ತಿಲ್ಲ. ಬಿತ್ತೋ ಹೊತ್ತಿಗೆ ಬರಾಬರಿ ತಂದು ಕೊಟ್ಟೀ. ಮೊದಲನೇ ಚೀಲ ಬಿತ್ತಿದೆ. ಉಳದ ಚೀಲದ್ದು ಬೇವಿನ ತಪ್ಪಲಾ ಹಾಕಿ ಇಟ್ಟೇನಿ. ಮುಂದಿನ ವರ್ಷ ಓಣಿಗೆಲ್ಲಾ ಒಂದೊಂದು ಸೇರು ಬೀಜಾ ಕೊಡ್ತೇನಂತ ಮಾತು ಕೊಟ್ಟೇನಿ."

"ಹಂಗಾರ ಇಷ್ಟು ದಿನ ಉಂಡ ರೊಟ್ಟಿ?" ಅಂದ್ರು ಡಾಕ್ಟರು.

"ನಮ್ಮ ಮನೀ ಜ್ವಾಳದ್ದಽ. ಹೋದ ವರ್ಷದ್ದು."

"ಮತ್ತ ಖಾಲಿ ಚೀಲ ಮಡಚಿ ಮಡಚಿ ಯಾಕ ಕೊಡ್ತಿದ್ರಿ?" ಅಂತ ನಾ ಅಳೂ ದನೀಲೆ ಕೇಳಿದೆ.

"ಚೀಲಾ ನಿಮ್ಮದಲ್ಲೇನು? ಮಂದಿ ಚೀಲಾ ಇಟ್ಕೊಳ್ಳಾಕ ನಾ ಏನ್ ಕಳ್ಳೇನು?"

ಡಾಕ್ಟರು ಬದುವಿನ ಮ್ಯಾಲ ಕುಕ್ಕರಿಸಿದ್ರು. "ನಡೀರಿ ಅಂತ ನಾಕು ವರ್ಷ ಹೇಳಿದೆ, ನಡೀಲಿಲ್ಲ. ಜ್ವಾಳ ಉಣ್ರಿ ಅಂದ್ರ ನಡದಾನ!" ಅಂದ್ರು. ಆಮ್ಯಾಲ ನನ್ನ ಕಡೆ ನೋಡಿದ್ರು. ಆ ನೋಟಕ್ಕ ನನ್ನ ಕಣ್ಣಾಗ ನೀರು ಬಂದ್ವು. ಹದಿನಾಲ್ಕು ವರ್ಷದ ಮ್ಯಾಲ ಸಿಕ್ಕ ಕೆಲಸ ಈ ಹೊಲದಾಗ ಮಣ್ಣಾತು ಅಂದ್ಕೊಂಡೆ.

ತಳಿ ಸಾಹೇಬ್ರು ಮಾತ್ರ ನಮ್ಮ ಕಡೆ ಇರಲಽ ಇಲ್ಲ. ಸಾಲು ಸಾಲು ಹೊಕ್ಕು, "ನೀರು ಬಿಟ್ಟಿಲ್ಲೇನ್ರಿ? ಗೊಬ್ಬರಾ? ಒಂದು ದಂಟೂ ಬಿದ್ದಿಲ್ಲಲ್ರೀ! ನಮ್ಮ ಕೇಂದ್ರದಾಗೂ ಹಿಂಗ ಬಂದಿಲ್ಲ!" ಅಂತ ಒದರಾಕತ್ತಿದ್ರು.

ಊರಿಗೆ ಬಂದವ್ರನ್ನ ಬಾಯಿ ಖಾಲಿ ಕಳಸೂದು ಕಾಕಾಗ ಗೊತ್ತಿಲ್ಲ. ಕುಳ್ಳಿನ ಕೆಂಡದ ಮ್ಯಾಲ ಹಾಲು ತುಂಬಿದ ಎಳೀ ತೆನಿ ಸುಟ್ಟು, ಬಿಸಿ ಬಿಸಿ ತಿಕ್ಕಿ ಕಾಳು ಬಿಡಿಸಿ, ಸೀತನಿ ಮಾಡಿ, ಶೇಂಗಾ ಚಟ್ನಿ ಜೋಡಿ ಕಂಬಳಿ ಮ್ಯಾಲ ಇಟ್ರು. "ನನಗ ಶುಗರ್ ಐತ್ರಿ, ಬ್ಯಾಡ" ಅಂದ್ರು ಡಾಕ್ಟರು. ತಳಿ ಸಾಹೇಬ್ರು ಹೊಲದೊಳಗಿಂದಽ ಕೂಗಿದ್ರು: "ಸರ್, ಶುಗರ್ ಇದ್ದವ್ರಿಗಂತಽ ಮಾಡಿದ್ದು ಅದು!"

ಡಾಕ್ಟರು ಸಿಟ್ಟಿಲೇ ಒಂದು ಮುಷ್ಟಿ ಬಾಯಾಗ ಹಾಕ್ಕೊಂಡ್ರು. ಮಾರಿ ಸಡಲಾತು. ಎರಡನೇ ಮುಷ್ಟಿ ತಾವಽ ತಗೊಂಡ್ರು. ಮೂರನೇದಕ್ಕ ಕಂಬಳಿ ಮ್ಯಾಲ ಸರದು ಕುಂತ್ರು. ನಾಕನೇದು, ಐದನೇದು ನಾ ಎಣಿಸಲಿಲ್ಲ, ಮರ್ಯಾದಿ ಅಲ್ಲ.

ತಿಂದು ಮುಗಿದ ಮ್ಯಾಲ ಅವ್ರಿಗೆ ಅಂಜಿಕಿ ಹೊಕ್ಕಿತು. ಬೇವಿನ ಗಿಡದ ಬುಡಕ ಕುಂತು ಗಡಿಯಾರ ನೋಡಿಕೋತ, ಎರಡು ತಾಸು ಆಗೂದಽ ತಡ, "ನನ್ನ ಬೆರಳು ಚುಚ್ಚು" ಅಂದ್ರು. ಚುಚ್ಚಿದೆ. ಮಿಷಿನ್ ನೋಡಿದ್ರು, ಕನ್ನಡಕ ಒರಸಿ ಇನ್ನೊಮ್ಮೆ ನೋಡಿದ್ರು. ಸಕ್ರಿ ಅವ್ರು ಅಂಜಿದಷ್ಟು ಏರಿದ್ದಿಲ್ಲ.

"ಒಬ್ಬನ ಒಂದು ಸಲದ ಲೆಕ್ಕಕ್ಕ ಏನೂ ಹೇಳಾಕ ಬರಂಗಿಲ್ಲ" ಅಂದ್ರು, ಆದ್ರ ನಗಿ ತಡೀಲಿಕ್ಕಾಗಲಿಲ್ಲ. "ಮುಂದಿನ ಸಲ ನೀ ಯಾರಿಗೂ ಕಾಳು ಕೊಡಬ್ಯಾಡವಾ. ಹಿಟ್ಟು ಬೀಸಿಽ ಕೊಡು."

ನನ್ನ ಕಿವಿಗೆ ಬಿದ್ದದ್ದು "ಮುಂದಿನ ಸಲ ನೀ" ಅನ್ನೂದೊಂದಽ. ಯಾ ಅಲ್ಲಾ, ನನ್ನ ಕೆಲಸ ಉಳೀತು! ಅಳೂದೋ ನಗೂದೋ ತಿಳೀದಽ ಪಟ್ಟಿ ಬಿಚ್ಚಿ, "ಇದನ್ನ ಯಾರ ಹೆಸರಿನ ಮುಂದ ಬರೀಲ್ರಿ ಸರ್?" ಅಂದೆ.

ಡಾಕ್ಟರು ಬಾಯಿ ತೆರೆಯೂದರೊಳಗ ಕಾಕಾ ಅಂದ್ರು: "ನನ್ನ ಹೆಸರು ಹೊಡದು ಡಾಕ್ಟರ್ ಸಾಹೇಬ್ರದು ಬರಕೋ ತಂಗಿ. ಹದಿನೈದು ದಿನಕ್ಕೊಂದು ಚೀಲ ಇನ್ನ ನಾ ಕೊಡ್ತೇನಿ. ಆದ್ರ ಸಾಹೇಬ್ರ, ಖಾಲಿ ಚೀಲ ಮಡಚಿ ಕೊಡಬೇಕು. ತುಂಬಿದ ಚೀಲ ತಗೊಳ್ಳಾಕ ಇಲ್ಲಿ ತನಾ ನಡಕೋತ ಬರಬೇಕು."