ಹಳ್ಳಕ್ಕೆ ಬಿದ್ದ ಹಾಡು

ಹೊಸ ಪದ್ಧತಿ ಬಂದಾಗಲೆಲ್ಲ ಮೊದಲು ಎಡವುವವನು ಹಳೆಯ ಮಾಸ್ತರ. ನನ್ನ ಮಟ್ಟಿಗಂತೂ ಇದು ಒಮ್ಮೆಯೂ ತಪ್ಪಿಲ್ಲ.

ನಾನು ವಿಜಯಪುರದ ಕಡೆಯವನು. ಪುಣೆಯ ಖರಾಡಿಯಲ್ಲಿ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಸಂಗೀತ ಕಲಿಸುತ್ತಿದ್ದೇನೆ. ಪಾಠವೆಲ್ಲ ಮರಾಠಿ, ಹಿಂದಿಯಲ್ಲಿ. ಸಿಟ್ಟು ಮಾತ್ರ ಕನ್ನಡದಲ್ಲಿ. ಯಾರಾದರೂ ಬೇಸುರಾದರೆ ಹಾರ್ಮೋನಿಯಂ ನಿಲ್ಲಿಸಿ, “ಹಳ್ಳಕ್ಕ ಬಿತ್ತು” ಎನ್ನುತ್ತೇನೆ. ಆಮೇಲೆ ತಪ್ಪಿದವರೊಬ್ಬರೇ ಅಲ್ಲ, ಇಡೀ ತರಗತಿ ಮೊದಲಿಂದ ಹಾಡಬೇಕು. ನನ್ನ ಗುರುಗಳು ಹಾಗೆ ಮಾಡುತ್ತಿದ್ದರು, ನಾನೂ ಮಾಡುತ್ತೇನೆ. ಮರಾಠಿ ಮಕ್ಕಳಿಗೆ ಬರುವ ಕನ್ನಡ ಅದೊಂದೇ.

ಈ ವರ್ಷ ಮುಖ್ಯಾಧ್ಯಾಪಕಿ ಕರೆದು ಹೇಳಿದರು: ಸಂಗೀತದ ಪಿರಿಯಡ್ ತೆಗೆದು ಕೋಡಿಂಗ್‌ಗೆ ಕೊಡುವ ಮಾತು ನಡೆದಿದೆ. ಕಲಾ ಶಿಕ್ಷಣದ ಬಗ್ಗೆ ಸಂಶೋಧನೆ ಮಾಡುವ ಮೇಡಂ ಒಬ್ಬರು ದೀಪಾವಳಿ ರಜೆ ಮುಗಿದ ಮೇಲೆ ಬಂದು ನನ್ನ ತರಗತಿ ನೋಡುತ್ತಾರೆ. ಅವರ ವರದಿ ಚೆನ್ನಾಗಿದ್ದರೆ ಪಿರಿಯಡ್ ಉಳಿಯುತ್ತದೆ. ಅಷ್ಟರೊಳಗೆ ನಾನು ಹೊಸ ಪದ್ಧತಿಗೆ ಹೊಂದಿಕೊಳ್ಳಬೇಕು.

ನನಗೀಗ ಐವತ್ತಾರು. ಈ ವಯಸ್ಸಿನಲ್ಲಿ ನನಗೆ ಬೇರೆ ಯಾರು ಕೆಲಸ ಕೊಟ್ಟಾರು? ಹೆದರಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

ಪಂಖಾ ಗುರೂಜಿ

ಹೊಸ ಪದ್ಧತಿಯ ಮೊದಲ ಹೆಜ್ಜೆ ಒಂದು ಆ್ಯಪ್. ಹಾಡಿದ ಸ್ವರ ಸರಿಯಿದ್ದರೆ ಪರದೆಯ ಮೇಲೆ ಹಸಿರು, ತಪ್ಪಿದರೆ ಕೆಂಪು. ಮಕ್ಕಳಿಗೆ ತೋರಿಸೋಣವೆಂದು ನಾನೇ ಮೊದಲು ಹಾಡಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುವ ಮೀಂಡ್ ಎಂದರೆ ನನಗೆ ಜೀವ. ಆ್ಯಪಿಗೆ ಮಾತ್ರ ಅದು ಹಿಡಿಸಲಿಲ್ಲ. ನಾನು ಜಾರಿದಷ್ಟು ಹೊತ್ತೂ ಪರದೆ ಕೆಂಪಗೇ ಇತ್ತು.

“ಸರ್, ಹಳ್ಳಕ್ಕ ಬಿತ್ತು,” ಎಂದಳು ಮುಂದಿನ ಬೆಂಚಿನ ಹುಡುಗಿ. ಬಾಯಿ ಅವಳದು ಭಾಳ ಜೋರು.

ನಾನು ಬಾಯಿ ಮುಚ್ಚಿದೆ. ತರಗತಿಯೂ ಸುಮ್ಮನಾಯಿತು. ಆಗ ಪರದೆ ಹಸಿರಾಗಿ, ಅಲ್ಲೇ ನಿಂತಿತು. ಹಾಡುತ್ತಿರುವುದು ಯಾರೆಂದು ಎಲ್ಲರೂ ಸುತ್ತ ನೋಡಿ, ಕೊನೆಗೆ ಮೇಲೆ ನೋಡಿದರು. ಹಳೆಯ ಸೀಲಿಂಗ್ ಫ್ಯಾನು ಗುಂಯ್ ಎನ್ನುತ್ತ ತನ್ನ ಪಾಡಿಗೆ ಷಡ್ಜ ಹಿಡಿದಿತ್ತು. ಇಪ್ಪತ್ತೆರಡು ವರ್ಷ ಕಲಿಸಿದ ನನಗೆ ಸಿಗದ ಚಪ್ಪಾಳೆ ಅವತ್ತು ಅದಕ್ಕೆ ಸಿಕ್ಕಿತು.

ಈಗಲೂ ಮಕ್ಕಳು ಒಳಗೆ ಬರುವಾಗ ಮೊದಲು ಮೇಲೆ ನೋಡಿ ‘ಪಂಖಾ ಗುರೂಜಿ’ ಎಂದು ಫ್ಯಾನಿಗೆ ಕೈಮುಗಿಯುತ್ತಾರೆ. ನನಗೆ ಆಮೇಲೆ.

ಕ್ಯಾಬಿನಲ್ಲಿ ಸರಿಗಮ

ಎರಡನೆಯ ಹೆಜ್ಜೆ, ಶನಿವಾರ ಬೆಳಿಗ್ಗೆ ಆನ್‌ಲೈನ್ ತರಗತಿ. ಎಲ್ಲರೂ ಒಟ್ಟಿಗೆ ಹಾಡಿದರೆ ಒಬ್ಬರ ದನಿ ಇವತ್ತು, ಇನ್ನೊಬ್ಬರದು ನಾಳೆ ಬಂದು ಮುಟ್ಟುತ್ತದೆ. ಹಾಗಾಗಿ ಎಲ್ಲರನ್ನೂ ಮ್ಯೂಟ್ ಮಾಡಿಸಿ ಒಬ್ಬೊಬ್ಬರಿಂದಲೇ ಹಾಡಿಸುತ್ತೇನೆ.

ಒಂದು ಶನಿವಾರ ಮೈಸೂರು ಕಡೆಯವರ ಹುಡುಗನ ಸರದಿ. ಅಲಂಕಾರ ಶುರುವಾಯಿತು. ಎಂಥ ದನಿ, ಎಂಥ ಶ್ರುತಿ! ವಾರದೊಳಗೆ ಹುಡುಗ ಇಷ್ಟು ಸುಧಾರಿಸಿದನೇ ಎಂದು ನನ್ನ ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಹಾಡಿನ ನಡುವೆ ಹಾರ್ನು ಕೇಳಿತು, ಹಿಂದೆಯೇ ಡ್ರೈವರನ ದನಿ: “ಮ್ಯಾಡಮ್, ಆಫೀಸ್ ಬಂತು.”

ಹಾಡಿದ್ದು ಹುಡುಗನಲ್ಲ, ಅವನ ತಾಯಿ. ಹಿಂಜವಾಡಿಯ ಟ್ರಾಫಿಕ್ಕಿನಲ್ಲಿ ಕಂಪನಿ ಕ್ಯಾಬಿನಲ್ಲಿ ಕೂತು, ತಮ್ಮ ಫೋನಿನಲ್ಲಿ ಮಗನ ಹೆಸರಿನಲ್ಲೇ ಕ್ಲಾಸಿಗೆ ಸೇರಿ ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದರು.

“ಸಾರಿ ಸರ್, ಮ್ಯೂಟ್‌ನಲ್ಲಿದ್ದೀನಿ ಅಂದ್ಕೊಂಡಿದ್ದೆ,” ಎಂದರು.

“ಮಗ ಎಲ್ಲದಾನ್ರಿ?”

“ಮನೇಲಿ ತಿಂಡಿ ತಿಂತಿದಾನೆ ಸರ್.”

“ತಿನ್ಲಿ ಬಿಡ್ರಿ ತಾಯಿ. ಮುಂದಿನ ಶನಿವಾರ ನೀವ ಬರ್ರಿ,” ಎಂದೆ.

ಅವರು ಬಂದರು. ಮೂರು ವಾರದಲ್ಲಿ ನನ್ನ ಐದನೇ ಕ್ಲಾಸಿನಲ್ಲಿ ನಾಲ್ವರು ಸಾಫ್ಟ್‌ವೇರ್ ಎಂಜಿನಿಯರುಗಳು ಸೇರಿಕೊಂಡರು.

ನಾನು ‘ಛಾನ್’ ಎಂದ ದಿನ

ಸಂಶೋಧನೆಯ ಮೇಡಂ ಬರುವ ಬೆಳಿಗ್ಗೆ ಮುಖ್ಯಾಧ್ಯಾಪಕಿ ಎಚ್ಚರಿಸಿದರು: ಇವತ್ತು ತಪ್ಪು ಎನ್ನುವ ಮಾತೇ ಬೇಡ, ಏನು ಹಾಡಿದರೂ ‘ಛಾನ್’ ಎನ್ನಿ, ಅಂದರೆ ಚೆನ್ನಾಗಿದೆ ಎನ್ನಿ. ನನ್ನ ಹಳ್ಳವನ್ನಂತೂ ತರಗತಿಯೊಳಗೆ ತರಲೇಬಾರದು.

ಮೇಡಂ ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಬಿಚ್ಚಿ ಕೂತರು. ಮೊದಲ ಹುಡುಗ ಸ್ವಲ್ಪ ತಪ್ಪಿದ. “ಛಾನ್” ಎಂದೆ. ಮಕ್ಕಳು ಮುಖ ಮುಖ ನೋಡಿಕೊಂಡರು. ಎರಡನೆಯವನು ಪೂರ್ತಿ ದಾರಿ ಬಿಟ್ಟ. ಹಲ್ಲು ಕಚ್ಚಿ ಮತ್ತೆ “ಛಾನ್” ಎಂದೆ. ತರಗತಿಯಲ್ಲಿ ಗುಸುಗುಸು ಎದ್ದಿತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಕಣ್ಣಲ್ಲಿ ನೀರು. ಮರಾಠಿಯಲ್ಲಿ ಕೇಳಿದಳು:

“ಸರ್, ನೀವು ಶಾಲೆ ಬಿಟ್ಟು ಹೋಗ್ತಿದೀರಾ?”

“ಇಲ್ಲ ಮಗಾ. ಯಾಕ?”

“ಮತ್ತೆ ಛಾನ್ ಯಾಕಂತೀರಿ?”

ನಾನು ಹಿಂದಿನ ಬೆಂಚಿನ ಕಡೆ ನೋಡಿದೆ. ಅವಳು ಕಣ್ಣೊರೆಸಿಕೊಂಡು ಹಾಡಲು ತೊಡಗಿದಳು. ನನ್ನ ತರಗತಿಯಲ್ಲೇ ಚಂದ ಹಾಡುವ ಹುಡುಗಿ ಅವತ್ತು ಬೇಕೆಂದೇ ಎಷ್ಟು ಕೆಟ್ಟದಾಗಿ ಹಾಡಿದಳೆಂದರೆ, ನನ್ನ ಪಿರಿಯಡ್, ಸಂಬಳ, ಮುಖ್ಯಾಧ್ಯಾಪಕಿ ಎಲ್ಲ ಮರೆತುಹೋಯಿತು. ಕೈ ತಾನಾಗಿ ಹಾರ್ಮೋನಿಯಂ ನಿಲ್ಲಿಸಿತು.

“ಹಳ್ಳಕ್ಕ ಬಿತ್ತು!”

ಇಡೀ ತರಗತಿ ಹೋ ಎಂದು ಚಪ್ಪಾಳೆ ಹೊಡೆಯಿತು. ನಾನು ಹೇಳುವ ಮೊದಲೇ ಎಲ್ಲರೂ ಸೇರಿ ಮೊದಲಿಂದ ಹಾಡಿದರು, ಒಂದು ಸ್ವರವೂ ತಪ್ಪಲಿಲ್ಲ. ಮೇಡಂ ಹುಡುಗಿಯನ್ನು ಕರೆದು ಇದೇನೆಂದು ಕೇಳಿದರು. “ಒಬ್ಬರು ಬಿದ್ದರೆ ಎಲ್ಲರೂ ಸೇರಿ ಎತ್ತಬೇಕು. ಇಲ್ಲಿ ಹಾಗೇ,” ಎಂದಳು. ಮೇಡಂ ಬರೆದುಕೊಂಡರು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ವರದಿ ಬಂತು. ತಪ್ಪಿದ ಮಗುವನ್ನು ಒಂಟಿ ಮಾಡದೆ ಇಡೀ ತರಗತಿ ಜೊತೆಗೆ ನಿಲ್ಲುವ ಈ ಹೊಸ ಪದ್ಧತಿಯನ್ನು ಉಳಿದ ವಿಷಯಗಳಿಗೂ ತರಬೇಕು ಎಂದು ಬರೆದಿದ್ದರು. ಪಿರಿಯಡ್ ಉಳಿಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವತ್ತು ಎರಡು ರೊಟ್ಟಿ ಹೆಚ್ಚಿಗೇ ತಿಂದೆ. ನನ್ನ ಗುರುಗಳಿದ್ದಿದ್ದರೆ, ತಮ್ಮ ಪದ್ಧತಿ ಹೊಸದೆಂದು ಕೇಳಿ ನಗುತ್ತಿದ್ದರು.

ಅಷ್ಟರಲ್ಲಿ ನನ್ನ ‘ಛಾನ್’ ಕಥೆ ಮಕ್ಕಳ ಬಾಯಿಂದ ಶಾಲೆಯೆಲ್ಲ ಹರಡಿತ್ತು. ಮರುವಾರ ಮುಖ್ಯಾಧ್ಯಾಪಕಿ ಎಲ್ಲ ಶಿಕ್ಷಕರನ್ನೂ ಸ್ಟಾಫ್ ರೂಮಿನಲ್ಲಿ ಕೂರಿಸಿ, ನನ್ನಿಂದಲೇ ತರಬೇತಿ ಕೊಡಿಸಿದರು. ಒಬ್ಬೊಬ್ಬರಾಗಿ ಎದ್ದು “ಹಳ್ಳಕ್ಕ ಬಿತ್ತು” ಎನ್ನಬೇಕು. ಗಣಿತದ ಮೇಡಂ ತೀರಾ ಮೆತ್ತಗೆ ಹೇಳಿದರು. ದೊಡ್ಡವರಿಗೆ ತಪ್ಪು ಎನ್ನುವುದು ಹೇಗೆಂದು, “ಛಾನ್” ಎಂದೆ.

ಅವರ ಮುಖ ಬಿಳಿಚಿಕೊಂಡಿತು.

“ಸರ್, ನನ್ನ ಪಿರಿಯಡ್ ತೆಗೀತಿದ್ದಾರಾ?”